ದೆಫಾ ದೊಡ್ಡಪ್ಪ ಕರೆಯದ ಹೆಸರು

ಕೇಳಿಸ್ತಿದ್ಯಾ? ಗಾಳಿ ಜಾಸ್ತಿ ಇದೆ, ಜೋಳ ಒಣಗಿಸೋ ಕಣದಲ್ಲೇ ಕೂತು ಮಾತಾಡ್ತಿದ್ದೀನಿ. ದೆಫಾ ದೊಡ್ಡಪ್ಪನ ವಿಷಯ ಯಾರಿಗಾದ್ರೂ ಹೇಳ್ಲೇಬೇಕು ಕಣೇ.

ಸಿಚುವಾನ್ ಕಡೆಯಿಂದ ಹಾರೋ ರಾಕೆಟ್ಟಿನ ಇಂಧನ ತೀರಿದ ಖಾಲಿ ಕೊಳವೆಗಳು ಉದುರೋದು ನಮ್ಮ ಬೆಟ್ಟಗಳ ಮೇಲೆ ಅಂತ ನಿಂಗೆ ಗೊತ್ತಲ್ಲ. ಅದಕ್ಕೇ ರಾಕೆಟ್ ದಿನ ಯಾರೂ ಮನೇಲಿ ಇರೋ ಹಾಗಿಲ್ಲ. ಹಾರೋಕೆ ಒಂದು ಗಂಟೆ ಮುಂಚೆ ದೊಡ್ಡಪ್ಪ ಜಾಗಟೆ ಬಾರಿಸ್ಕೊಂಡು ಮನೆ ಮನೆ ಸುತ್ತಿ ಎಲ್ಲರನ್ನೂ ಈ ಕಣಕ್ಕೆ ಹೊರಡಿಸ್ತಾರೆ. ಆಮೇಲೆ ಪಟ್ಟಿ ಹಿಡ್ಕೊಂಡು ಹೆಸರು ಕೂಗ್ತಾರೆ. ಅರವತ್ಮೂರು ಜನ. "ಇದ್ದೀನಿ" ಅಂದ್ರೆ ಒಂದು ಗೀಟು. ಹದಿನೆಂಟು ವರ್ಷದಲ್ಲಿ ಒಂದು ಕೋಳಿಮರೀನೂ ಕಳ್ಕೊಂಡಿಲ್ಲ ಅಂತ ಅವರಿಗೆ ಭಾರೀ ಜಂಬ ಇತ್ತು.

ಆದ್ರೆ ಒಂದು ಹೆಸರು ಮಾತ್ರ ಕೂಗ್ತಿರ್ಲಿಲ್ಲ. ಲಾನ್‌ಯಿಂಗ್ ದೊಡ್ಡಮ್ಮಂದು. ಅವರ ಹೆಂಡ್ತಿ. ನಮ್ಮಲ್ಲಿ ಆ ವಯಸ್ಸಿನ ಗಂಡಸರು ಹೆಂಡ್ತಿ ಹೆಸರು ಬಾಯಲ್ಲಿ ತರಲ್ಲ ನೋಡು. ಮನೇಲಿ ಮಗಳ ಹೆಸರು ಹಿಡ್ದು "ಏ, ಮೇಯಿ ಅವ್ವಾ" ಅಷ್ಟೇ. ಕಣದಲ್ಲಿ ಆ ಹೆಸರು ಬಂದಾಗ ಕೆಮ್ಮಿ, ತಲೆ ಎತ್ತದೇ ಗೀಟು ಎಳ್ದು ಮುಂದಿನದಕ್ಕೆ ಹಾರ್ತಿದ್ರು.

ನಮ್ಮ ಷು ಅತ್ತೆ ಬಿಡ್ತಾರಾ? "ಯಾಕೋ ದೆಫಾ, ಹೆಂಡ್ತಿ ಹೆಸರು ಕರೆದ್ರೆ ರಾಕೆಟ್ಟು ನಿನ್ ತಲೆ ಮೇಲೇ ಬೀಳುತ್ತಾ?"

"ಅವಳೆಲ್ಲಿಗೆ ಹೋಗ್ತಾಳೆ, ಇಲ್ಲೇ ಇರ್ತಾಳೆ ಬಿಡು" ಅನ್ನೋರು ದೊಡ್ಡಪ್ಪ, ಕಿವಿ ಕೆಂಪಗೆ ಮಾಡ್ಕೊಂಡು. ದೊಡ್ಡಮ್ಮ ಸೂರ್ಯಕಾಂತಿ ಬೀಜದ ಸಿಪ್ಪೆ ಉಗೀತಾ ನಗೋರು.

ಮೂರು ವರ್ಷದ ಹಿಂದೆ, ಒಂದು ರಾಕೆಟ್ ದಿನ ಬೆಳಗ್ಗೆ ದೊಡ್ಡಮ್ಮ ಇದೇ ಕಣದಲ್ಲಿ ನನ್ ಪಕ್ಕ ಕೂತು ಹೇಳಿದ್ರು, "ನಿನ್ನೆ ಅವರಿಗೆ ಹೇಳ್ಬಿಟ್ಟಿದ್ದೀನಿ ಕಣೇ. ನಾಳೆ ನನ್ ಹೆಸರು ಕೂಗ್ದಿದ್ರೆ ರಾತ್ರಿ ಊಟ ಇಲ್ಲ ಅಂತ." ಆಮೇಲೆ ತಟ್ಟನೆ ಎದ್ರು. "ಅಯ್ಯೋ, ಒಲೆ ಮೇಲೆ ಅನ್ನ ಹಬೇಲಿಟ್ಟು ಬಂದಿದ್ದೀನಿ, ಸೀದು ಹೋಗುತ್ತೆ! ಈಗ ಬಂದೆ. ಇವತ್ತು ಕೂಗ್ತಾರೆ ನೋಡು. ಕೂಗಿದ್ರೆ, ಮನೆಗೆ ಹೋಗಿದ್ದಾರೆ, ಬರ್ತಾರೆ ಅಂತ ಹೇಳು."

ದೊಡ್ಡಪ್ಪ ಕೂಗ್ಲಿಲ್ಲ. ಕೆಮ್ಮಿ ಗೀಟು ಎಳೆದ್ರು. ಹೆಸರು ಕೂಗ್ಲಿಲ್ವಲ್ಲ ಅಂತ, ದೊಡ್ಡಮ್ಮ ಮನೆಗೆ ಹೋಗಿರೋದನ್ನ ನಾನೂ ಹೇಳ್ಲಿಲ್ಲ. ಗೆಳತಿ ಜೊತೆ ಮೊಬೈಲ್ ನೋಡ್ತಾ ಕೂತೆ. ರಾಕೆಟ್ ಹಾರ್ತು, ಆಕಾಶ ಗುಡುಗ್ತು, ಕೊಳವೆ ಎಲ್ಲೋ ಎರಡು ಬೆಟ್ಟದಾಚೆ ಕಾಡಲ್ಲಿ ಬಿತ್ತು. ಯಾರಿಗೂ ಒಂದು ಗೀರೂ ಆಗ್ಲಿಲ್ಲ.

ಒಂದೂವರೆ ಗಂಟೆ ಆದ್ಮೇಲೆ ಮನೆಗೆ ಹೋಗಿ ಅಂದ್ರು. ದೊಡ್ಡಮ್ಮ ಹಿತ್ತಲ ಕಲ್ಲು ಮೆಟ್ಟಿಲ ಕೆಳಗೆ ಬಿದ್ದಿದ್ರು. ಪಾಚಿ ಮೇಲೆ ಕಾಲು ಜಾರಿ ತಲೆಗೆ ಏಟು. ಮೈ ಇನ್ನೂ ಬೆಚ್ಚಗಿತ್ತು. ಸ್ವಲ್ಪ ಮುಂಚೆ ಯಾರಾದ್ರೂ ನೋಡಿದ್ರೆ ಉಳೀತಿದ್ರೇನೋ ಅಂದ್ರು ಡಾಕ್ಟ್ರು. ಒಲೆ ಆರಿಸಿತ್ತು. ಅನ್ನ ಚೆನ್ನಾಗೇ ಆಗಿತ್ತು.

ಆಮೇಲಿಂದ ದೊಡ್ಡಪ್ಪ ಪ್ರತೀ ಸಲ ಅದೇ ಹೆಸರು ಮೊದಲು ಕೂಗ್ತಾರೆ. "ಲಾನ್‌ಯಿಂಗ್!" ಕೂಗಿ ನಿಲ್ತಾರೆ. ಅರವತ್ತೆರಡು ಜನ ಅವರನ್ನೇ ನೋಡ್ತಾ ಕೂತಿರ್ತೀವಿ. ಗೀಟು ಎಳೆಯಲ್ಲ. ಆಮೇಲೆ ಮುಂದಿನ ಹೆಸರು.

ಇವತ್ತು ಬೆಳಗ್ಗೆ ಪಟ್ಟಣದ ಕಚೇರಿಯಿಂದ ಬಂದಿದ್ದ ಹುಡುಗ ಖುಷಿಯಾಗಿ ಹೇಳ್ದ, "ತಾತಾ, ನಿಮ್ಮೂರಿಗೆ ಇದೇ ಕೊನೇ ಸಲ. ಇನ್ಮೇಲೆ ದೊಡ್ಡ ರಾಕೆಟ್ಟೆಲ್ಲ ಸಮುದ್ರದ ದಡದಿಂದ. ಚಂದ್ರನ ಮೇಲೆ ಮನುಷ್ಯರನ್ನ ಇಳಿಸೋದೂ ಅಲ್ಲಿಂದ್ಲೇ. ಹೊಸ ಕೊಳವೆಗಳಂತೂ ಬೀಳೋದೇ ಇಲ್ಲ, ತಾವಾಗೇ ವಾಪಸ್ ಬಂದು ಇಳಿಯೋ ಹಾಗೆ ಮಾಡ್ತಿದ್ದಾರೆ."

ಎಲ್ಲರೂ ಚಪ್ಪಾಳೆ ಹೊಡೆದ್ರು. ದೊಡ್ಡಪ್ಪ ಮಾತ್ರ, "ವಾಪಸ್ ಬರ್ತಾವಾ?" ಅಂತ ಕೇಳಿದ್ರು. ಆಮೇಲೆ, "ಹಾಗಾದ್ರೆ ಇನ್ಮೇಲೆ ಹೆಸರು ಕೂಗೋದು ಇರಲ್ವಾ?"

"ಯಾಕ್ ತಾತಾ ಬೇಕು? ಆರಾಮಾಗಿ ಮನೇಲಿರಿ."

ದೊಡ್ಡಪ್ಪ ಪಟ್ಟಿ ಬಿಚ್ಚಿದ್ರು. "ಲಾನ್‌ಯಿಂಗ್!"

ಅದೇನಾಯ್ತೋ ನಂಗೆ, ಎದ್ದು ನಿಂತ್ಬಿಟ್ಟೆ. "ಮನೆಗೆ ಹೋಗಿದ್ದಾರೆ, ಬರ್ತಾರೆ ದೊಡ್ಡಪ್ಪ."

ಕಣ ಪೂರ್ತಿ ನನ್ನನ್ನೇ ನೋಡ್ತು. ಅಳ್ತಾ ಎಲ್ಲಾ ಹೇಳ್ದೆ. ಅನ್ನ, ಒಲೆ, "ಕೂಗಿದ್ರೆ ಹೇಳು" ಅಂದಿದ್ದು. ಬೈತಾರೆ, ಹೊಡೀತಾರೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿರ್ತಿತ್ತು.

ದೊಡ್ಡಪ್ಪ ತುಂಬಾ ಮೆಲ್ಲಗೆ ಕೇಳಿದ್ರು, "ಅವತ್ತು ನಾನು ಕೂಗ್ತೀನಿ ಅಂತ ಅಂದ್ಕೊಂಡಿದ್ಲಾ?"

"ಹೂಂ, ದೊಡ್ಡಪ್ಪ. ಇವತ್ತು ಕೂಗ್ತಾರೆ ನೋಡು ಅಂದ್ರು."

ಪಟ್ಟಿ ನನ್ ಕೈಗೆ ಕೊಟ್ಟು ನೆಲದ ಮೇಲೆ ಕೂತ್ಬಿಟ್ರು. ಮಿಕ್ಕ ಹೆಸರೆಲ್ಲ ನಾನೇ ಕೂಗ್ದೆ. ಕೊನೇಲಿ "ಮೌ ದೆಫಾ" ಅಂತ ಕರೆದೆ. ಎದುರಿಗೇ ಕೂತಿದ್ರು. "ಇದ್ದೀನಿ" ಅನ್ಲಿಲ್ಲ.