ಒಲೆ ಒಳಗೆ, ಡಬ್ಬಿ ಹೊರಗೆ

ಚೋರ್ಲಾ ಘಾಟಿನ ಮೇಲಿನ ಬಯಲಿನಲ್ಲಿ ಆ ದಿನ ನಡೆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಇಡೀ ಪ್ರವಾಸ ಸುಖವಾಗಿಯೇ ಮುಗಿಯಿತು. ಆದರೂ ಗಾಳಿಗೆ ಕಿಟಕಿಯ ಬಾಗಿಲು ಬಡಿದರೆ ಈಗಲೂ ನಾನು ಬೆಚ್ಚಿ, ಅತ್ತೆಯವರು ಎಲ್ಲಿದ್ದಾರೆ ಎಂದು ನೋಡುತ್ತೇನೆ.

ನಾವಿರುವುದು ಗೋವಾದಲ್ಲಿ, ಮಡಗಾಂವಿಗೆ ಹತ್ತಿದ ಫಾತೋರ್ಡಾದಲ್ಲಿ. ನಮ್ಮ ಮನೆಯವರಿಗೆ ಸಾಂಕೋಲೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ನನ್ನದು ಆಫೀಸಿನ ಕೆಲಸ. ಧಾರವಾಡದ ಕಡೆಯವರಾದ ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಒಮ್ಮೆ ಊರಿಗೆ ಹೋಗುವಾಗ ಬಸ್ಸು ಲಾರಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತುಬಿಟ್ಟಿತು. ಅಂದು ಏನಾಯಿತೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಅವರು ಮನೆ ಬಿಟ್ಟು ಎಲ್ಲಿಗೂ ಹೊರಡಲಿಲ್ಲ. ಮದುವೆಯ ಕರೆಯೋಲೆ ಬಂದರೆ ನಮ್ಮಿಬ್ಬರನ್ನು ಕಳಿಸಿ, ತಾವು ಬಾಲ್ಕನಿಯಲ್ಲಿ ಕೂತಿರುತ್ತಿದ್ದರು.

ಮನೆಯವರು ಹಳೆಯ ಮಿನಿ ಬಸ್ಸೊಂದನ್ನು ತಂದದ್ದು ಇದಕ್ಕಾಗಿಯೇ. ರಜೆಯ ದಿನಗಳಲ್ಲಿ ಒಬ್ಬರೇ ಕೂತು ಸೀಟುಗಳನ್ನು ಕಿತ್ತರು, ಮಂಚ ಕೂಡಿಸಿದರು, ನೀರಿನ ಟಾಕಿ, ಸಿಂಕು, ಗ್ಯಾಸಿನ ಒಲೆ ಇಟ್ಟರು. ಹಿಂದಿನ ಮೂಲೆಗೆ ಪ್ಲೈವುಡ್ಡಿನ ಗೋಡೆ ಹಾಕಿ ಸಣ್ಣದೊಂದು ಸಂಡಾಸು ಮಾಡಿದರು. ಕೂರಲು ಆಸನ, ಅದರ ಕೆಳಗೆ ಎಳೆದು ತೆಗೆಯುವ ಒಂದು ಡಬ್ಬಿ, ಎದ್ದು ನಿಲ್ಲಲು ಎರಡೂ ಬದಿಗೆ ಹಿಡಿಕೆ.

ಅತ್ತೆಯವರು ಹತ್ತಿ ಎಲ್ಲವನ್ನೂ ಮುಟ್ಟಿ ನೋಡಿದರು. ಹಿಡಿಕೆಗಳನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ಒಲೆಯ ಮುಂದೆ ನಿಂತರು.

"ಎಲ್ಲಾ ಚಲೋ ಮಾಡೀಯಪಾ. ಆದ್ರ ಸಂಡಾಸದ ಗ್ವಾಡಿಗೇ ಒಲಿ ಹಚ್ಚಿ ಇಟ್ಟೀಯಲ್ಲೋ!"

"ಯವ್ವಾ, ನಡುವ ಪ್ಲೈವುಡ್ ಐತಿ."

"ನಿನಗ ಪ್ಲೈವುಡ್ ಕಾಣತೈತಿ. ನನಗ ಅದರ ಹಿಂದಿಂದೂ ಕಾಣತೈತಿ. ಅಲ್ಲಿ ಬೇಸಿದ್ದು ನನ್ನ ಗಂಟಲದಾಗ ಇಳಿಯೂದಿಲ್ಲ."

"ನಮ್ಮ ಫ್ಲ್ಯಾಟಿನ್ಯಾಗೂ ಅಡಗಿಮನಿ ಬಾಜೂಕ ಬಾತ್‌ರೂಮ್ ಇಲ್ಲೇನು?"

"ಅದು ಇಟ್ಟಂಗಿ ಗ್ವಾಡಿ," ಎಂದು ಅವರು ಇಳಿದುಬಿಟ್ಟರು.

ಕಡೆಗೆ ಒಂದು ಒಪ್ಪಂದವಾಯಿತು. ಗಾಡಿಯ ಮಗ್ಗುಲಿಗೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಚಾಚಿ, ಎರಡು ಕಬ್ಬಿಣದ ಪೈಪುಗಳ ಮೇಲೆ ನಿಲ್ಲಿಸಿ, ಅದರ ನೆರಳಲ್ಲಿ ಇನ್ನೊಂದು ಸಣ್ಣ ಗ್ಯಾಸಿನ ಒಲೆ ಇಟ್ಟು ಅಡುಗೆ ಮಾಡುವುದು. "ಒಮ್ಮೆ ಬಂದು ನೋಡತೀನಿ. ಸರಿಬರಲಿಲ್ಲ ಅಂದ್ರ ಮತ್ತ ನನಗ ಬಾ ಅನಬ್ಯಾಡ್ರಿ," ಎಂದರು ಅತ್ತೆಯವರು. ಮನೆಯವರು ತಲೆಯಾಡಿಸಿದರು. ಅಷ್ಟು ದಿನದ ದುಡಿಮೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ಜನವರಿಯಲ್ಲಿ ಹೊರಟೆವು. ದಾರಿಯಲ್ಲಿ ಅತ್ತೆಯವರು ಗಾಡಿ ನಿಲ್ಲಿಸಲು ಹೇಳಿದರು, ಹಿಂದೆ ಹೋದರು, ಬಂದು ಕೂತರು. ಪ್ರಯಾಣದಲ್ಲಿ ಹನಿ ನೀರೂ ಮುಟ್ಟದಿದ್ದವರು, ಸ್ವಲ್ಪ ದೂರ ಹೋದ ಮೇಲೆ ಬಾಟಲಿ ತೆಗೆದು ನೀರು ಕುಡಿದರು. ಮನೆಯವರು ಕನ್ನಡಿಯಲ್ಲಿ ಅದನ್ನು ನೋಡಿದ್ದನ್ನು ನಾನು ನೋಡಿದೆ.

ಘಾಟು ಹತ್ತಿದ ಮೇಲೆ ಹುಲ್ಲು ಒಣಗಿದ ಬಯಲು, ಕಪ್ಪಗಾದ ಮುರಕಲ್ಲು, ದೂರದಲ್ಲಿ ಒಂದೆರಡು ಮನೆ. ಜಾಗದ ಯಜಮಾನರು ಗಾಡಿ ನಿಲ್ಲಿಸಲು ಒಪ್ಪಿದರು, ಡಬ್ಬಿಯನ್ನು ತಮ್ಮ ಮನೆಯ ಸಂಡಾಸಿನಲ್ಲಿ ಖಾಲಿ ಮಾಡಿ ತೊಳೆದುಕೊಳ್ಳಲೂ ಬಿಟ್ಟರು. ಬೆಳಗಾವಿ ಕಡೆಯಿಂದ ಗಾಳಿ ಒಮ್ಮೆಲೇ ಬರುತ್ತದೆ, ತಾಡಪತ್ರಿಯನ್ನು ಹೆಚ್ಚು ಹೊತ್ತು ಬಿಚ್ಚಿಡಬೇಡಿ ಎಂದೂ ಹೇಳಿ ಹೋದರು.

ನಾವು ಗಟ್ಟಿಯಾಗಿಯೇ ಕಟ್ಟಿದೆವು. ಆದರೆ ಗಾಳಿಗೆ ಒಲೆಯ ಉರಿ ನಿಲ್ಲುತ್ತಿರಲಿಲ್ಲ. ಅತ್ತೆಯವರು ಚೀಲದಿಂದ ಎರಡು ಹಳೆಯ ಇಳಕಲ್ ಸೀರೆ ತೆಗೆದು ಪೈಪಿನಿಂದ ಪೈಪಿಗೆ, ಪೈಪಿನಿಂದ ಗಾಡಿಗೆ ಬಿಗಿದು ಮರೆ ಮಾಡಿದರು.

"ಯವ್ವಾ, ಸೀರಿ ಬ್ಯಾಡ. ಗಾಳಿ ಹಾದು ಹೋಗಾಕ ಜಾಗಾ ಬೇಕು."

"ಗಾಳಿಗೆ ಜಾಗಾ ಮಾಡಿಕೊಡಾಕ ಬಂದೀನೋ, ರೊಟ್ಟಿ ಬಡ್ಯಾಕ ಬಂದೀನೋ?"

ನಾನೂ ನಕ್ಕು, ಒಂದು ಗಂಟನ್ನು ನನ್ನ ಕೈಯಾರೆ ಬಿಗಿದೆ. ಉರಿ ಅಲುಗದೆ ನಿಂತಿತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅವರು ಎರಡನೆಯದನ್ನು ಬಡಿಯುತ್ತಿದ್ದರು.

ಆಮೇಲಿನದು ಹೀಗೆ. ಮೊದಲು ಹುಲ್ಲು ಮಲಗಿತು. ಸೀರೆಗಳು ಒಳಮುಖವಾಗಿ ಉಬ್ಬಿದವು. ತಾಡಪತ್ರಿ ಮೇಲಕ್ಕೆದ್ದಿತು, ಅದರ ಜೊತೆಗೆ ಅತ್ತೆಯವರ ಬಲಕ್ಕಿದ್ದ ಪೈಪು ನೆಲ ಬಿಟ್ಟಿತು. ಅದು ಅವರ ಕಿವಿಯ ಪಕ್ಕದಿಂದ ಹಾದು ಹೋಗಿ ಗಾಡಿಗೆ ಬಡಿಯಿತು. ಅವರ ಸೆರಗು ಅಲುಗಿದ್ದು ಪೈಪಿನಿಂದಲೋ ಗಾಳಿಯಿಂದಲೋ, ಹೇಳಲಾರೆ. ಮರುಕ್ಷಣ ಇಡೀ ಚಪ್ಪರ ಗಾಡಿಯ ಮೇಲೆ ಮಗುಚಿ ಬಿದ್ದಿತ್ತು. ನಾನು ಗ್ಯಾಸು ಬಂದ್ ಮಾಡಿದೆ. ಹೇಗೆ ಮಾಡಿದೆನೋ ನೆನಪಿಲ್ಲ. ಅತ್ತೆಯವರು ತೆರೆದ ಬಯಲಿನಲ್ಲಿ, ಅಂಗೈ ಮೇಲೆ ಹಸಿ ರೊಟ್ಟಿ ಹಿಡಿದುಕೊಂಡು, ಕೂತಲ್ಲೇ ಕೂತಿದ್ದರು.

ಅವರನ್ನು ಒಳಗೆ ಕರೆತಂದೆವು. ಗಾಡಿ ತೊಟ್ಟಿಲಿನಂತೆ ಅಲ್ಲಾಡುತ್ತಿತ್ತು. ಮನೆಯವರ ಮುಖ ಬಿಳುಚಿತ್ತು. "ಸಾಕು, ಮನಿಗೆ ಹೋಗೂಣು," ಎಂದರು. ಆದರೆ ಅತ್ತೆಯವರು ಊಟವಾಗುತ್ತದೆಂದು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಈಗ ಸಕ್ಕರೆ ಇಳಿದು ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಬೆಲ್ಲದ ತುಂಡು ಬಾಯಿಗಿಟ್ಟೆ. ಅದನ್ನು ಚೀಪುತ್ತ ಅವರು ಹಿಂದಿನ ಮೂಲೆಯನ್ನೇ ನೋಡುತ್ತಿದ್ದರು.

"ಆ ಡಬ್ಬಿ ತೊಳದದ್ದು ಐತೇನು?" ಎಂದು ಮಗನನ್ನು ಕೇಳಿದರು.

"ಆಗಲೇ ತೊಳದೇನಿ."

"ಅದನ್ನ ಹೊರಗ ಇಡು. ಡಬ್ಬಿ ಹೊರಗಿದ್ರ ಅದು ಸಂಡಾಸ ಅಲ್ಲ, ಬರೇ ಮೂಲಿ."

ಮನೆಯವರು ಅವ್ವನ ಮುಖ ನೋಡಿದರು. "ನಡುವ ನಿನಗ ಹೋಗಬೇಕು ಅನಿಸಿದ್ರ?"

"ಒಲಿ ಆರಿಸಿ, ಉಂಡು, ತೊಳದು, ಆಮ್ಯಾಲ ಒಳಗ ತರೂದು. ಅದು ಬಂದಾಗ ಇದಿಲ್ಲ, ಇದು ಬಂದಾಗ ಅದಿಲ್ಲ. ಹಂಗ ನಿಂತೀಯಲ್ಲ, ನನ್ನ ಕೈಕಾಲು ನಡಗಾಕತ್ತಾವು, ತಗದು ಇಡೋ!"

ಮನೆಯವರು ಡಬ್ಬಿ ಎತ್ತಿಕೊಂಡು ಇಳಿದರು. ಕೆಳಗಿಟ್ಟು ಕಲ್ಲು ಹುಡುಕಲು ತಿರುಗಿದ್ದೇ ತಡ, ಖಾಲಿ ಡಬ್ಬಿಯನ್ನು ಗಾಳಿ ಉರುಳಿಸಿಕೊಂಡು ಹೊರಟಿತು. ಅವರು ಅದರ ಹಿಂದೆ ಓಡಿದರು. ಅತ್ತೆಯವರು ಕಿಟಕಿಗೆ ಹಣೆ ಹಚ್ಚಿ, "ಹಿಡಿ, ಹಿಡಿಯೋ! ನಿನ್ನ ಸಂಡಾಸ ಮಡಗಾಂವಿಗೆ ವಾಪಸ್ ಹೊಂಟೈತಿ!" ಎಂದು ಕೂಗಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಕ್ಕೆ.

ಮನೆಯವರು ಡಬ್ಬಿ ಹಿಡಿದು ತಂದು, ಅದರ ಸುತ್ತ ಮುರಕಲ್ಲು ಪೇರಿಸಿ ಬಂದ ಮೇಲೆ ಅತ್ತೆಯವರು ಒಲೆಯ ಕಟ್ಟೆಯನ್ನು, ಆಮೇಲೆ ಪ್ಲೈವುಡ್ಡಿನ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಲೆ ಹಚ್ಚಲು ನನಗೆ ಹೇಳಿದರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಎಲ್ಲರಿಗಿಂತ ಮೊದಲು ಅವರೇ ಉಂಡರು. ನಾನು ತುತ್ತು ಇಳಿಯುತ್ತಿದ್ದ ಅವರ ಗಂಟಲನ್ನೂ, ಬೆವರು ಆರಿದ ಹಣೆಯನ್ನೂ ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಬಿಸಿಲು ಹಿತವಾಗಿತ್ತು. ಹರಿದ ತಾಡಪತ್ರಿಯನ್ನು ಮಡಿಚುತ್ತಿದ್ದ ಮಗನನ್ನು ಅತ್ತೆಯವರು ಬಾಗಿಲಲ್ಲಿ ನಿಂತು ಕರೆದರು.

"ಇಲ್ಲೆ ನೋಡು. ಗಾಡಿ ಹಿಂದ, ಹೊರಗ, ಒಂದು ಕಬ್ಬಿಣದ ಗೂಡು ಹೊಡಿ. ಡಬ್ಬಿ ಇಡಾಕ. ಮ್ಯಾಲ ಮುಚ್ಚಳ ಇರಲಿ. ದಿನಾ ನೀ ಅದರ ಹಿಂದ ಓಡೂದು ನೋಡಾಕ ಚಂದ ಐತಿ, ಆದ್ರ ಹೋದ ಹೋದ ಊರಾಗೆಲ್ಲ ಮಂದಿ ಏನಂದಾರು?"

ಮನೆಯವರು ತಾಡಪತ್ರಿಯನ್ನು ಅಲ್ಲೇ ಬಿಟ್ಟು, ಗಾಡಿಯ ಹಿಂದೆ ಹೋಗಿ, ಗೇಣು ಹಾಕಿ ಅಳೆಯತೊಡಗಿದರು.