ಪೋರ್ಚುಗೀಸ್ ಬೇಕರಿಯಲ್ಲಿ ಉಳಿದ ತಟ್ಟೆಯನ್ನು ಕುರಿತು

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಆಗಾಗ ಕೈಕೊಡುತ್ತವೆ. ರಜೆಯ ಅರ್ಜಿ ಹಾಗೂ ಬಾಡಿಗೆ ಮನೆಯ ಅರ್ಜಿಗಳನ್ನು ಬಿಟ್ಟರೆ ಬೇರೇನನ್ನೂ ಬರೆದವಳಲ್ಲವಾದ್ದರಿಂದ, ಇದೂ ಅರ್ಜಿಯಂತೆಯೇ ಕಂಡುಬಂದಲ್ಲಿ ಕ್ಷಮಿಸಬೇಕಾಗಿ ಕೋರುತ್ತೇನೆ.

ಈ ದಿನ ಬೆಳಿಗ್ಗೆ, ಮೆಲ್ಬರ್ನಿನ ಕ್ಲೇಟನ್‌ನಲ್ಲಿರುವ ನಮ್ಮ ಮನೆಗೆ ಮಗಳು ನಾಲ್ಕು ಪೋರ್ಚುಗೀಸ್ ಟಾರ್ಟ್ ತಂದಳು. ಪದರು ಪದರಾದ ಪುಟ್ಟ ಬಟ್ಟಲು, ಒಳಗೆ ಹಳದಿ ಕಸ್ಟರ್ಡ್, ಮೇಲೆ ಅಲ್ಲಲ್ಲಿ ಸೀದ ಕಪ್ಪು ಚುಕ್ಕೆ. ಆ ಸೀದ ಸಕ್ಕರೆಯ ವಾಸನೆ ಬಂದೊಡನೆ ನನ್ನ ಕೈ ತಾನಾಗಿ ಅಮ್ಮನ ಸ್ಟೀಲ್ ತಟ್ಟೆಯನ್ನು ಹುಡುಕಿತು.

“ಮಾಮ್, ಎನಿ ಪ್ಲೇಟ್ ಈಸ್ ಫೈನ್” ಎಂದಳು ಮಗಳು.

ಅವಳಿಗೆ ಹೇಳಿ ಪ್ರಯೋಜನವಿಲ್ಲ. ತಮಗೆ ನಿವೇದಿಸಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಸಿಡ್ನಿಯ ಗಿರಾವೀನ್‌ನಲ್ಲಿದ್ದಾಗ, ಪಕ್ಕದ ಮನೆಯ ಮಂಗಳೂರಿನ ಫ್ಲೋರಿನ್ ಆಂಟಿ ಶನಿವಾರಗಳಂದು ನನ್ನನ್ನು ಕಾರಿನಲ್ಲಿ ಒಂದು ಪೋರ್ಚುಗೀಸ್ ಬೇಕರಿಗೆ ಕರೆದೊಯ್ಯುತ್ತಿದ್ದರು. ಗಲ್ಲಾದ ಹಿಂದೆ ಕಪ್ಪು ಉಡುಪಿನ ಅಜ್ಜಿಯೊಬ್ಬರು. ಆರು ಟಾರ್ಟ್ ಕೇಳಿದರೆ ಏಳು ಕೊಡುವುದು ಅವರ ಸ್ವಭಾವ. ಸದರಿ ಟಾರ್ಟ್‌ನಲ್ಲಿ ಮೊಟ್ಟೆ ಇರುವ ಸಂಗತಿಯನ್ನು ಹಾಸನದಲ್ಲಿರುವ ಅಮ್ಮನ ಗಮನಕ್ಕೆ ನಾನು ತಂದಿರಲಿಲ್ಲ. ತರುವ ಉದ್ದೇಶವೂ ಇರಲಿಲ್ಲ.

ಆ ದೀಪಾವಳಿಗೆ ಚಕ್ಕುಲಿ, ಕೊಬ್ಬರಿ ಮಿಠಾಯಿ ಮಾಡಿ ಅಜ್ಜಿಗೆ ಒಯ್ದು ಕೊಟ್ಟೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡಬಹುದಿತ್ತು. ಕೊಟ್ಟಿದ್ದು ಅಮ್ಮನ ತಟ್ಟೆಯಲ್ಲಿ. ಅದರ ಅಂಚಿನಲ್ಲಿ ‘ಸೌ. ಲಲಿತಮ್ಮ’ ಎಂದು ಹೆಸರು ಕೊರೆಸಿದೆ. ಆರು ತಟ್ಟೆಗಳ ಸೆಟ್ಟನ್ನು ಮುರಿದು ಅಮ್ಮ ನನಗೆಂದು ಕೊಟ್ಟಿದ್ದು.

ತಟ್ಟೆ ವಾಪಸು ಬರಲಿಲ್ಲ. ಮುಂದಿನ ಶನಿವಾರ ನೋಡಿದರೆ, ಥಳಥಳ ಹೊಳೆಯುತ್ತಾ ಗಲ್ಲಾದ ಹಿಂದಿನ ಶೆಲ್ಫಿನಲ್ಲಿ ಗೋಡೆಗೊರಗಿ ನಿಂತಿದೆ! ಕೊಟ್ಟ ತಟ್ಟೆಯನ್ನು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಅವರಾಗಿಯೇ ಅದರಲ್ಲಿ ಏನಾದರೂ ಹಾಕಿ, ಒಂದು ಚಮಚ ಸಕ್ಕರೆಯಾದರೂ ಸರಿ, ಹಿಂದಿರುಗಿಸಬೇಕು. ಆದಕಾರಣ ನಾನೇ ಒಂದು ನೆನಪೋಲೆಯ ರೂಪದಲ್ಲಿ ಪ್ರತಿ ಶನಿವಾರ ಹಾಜರಾಗಿ, ತಟ್ಟೆಯನ್ನು ದಿಟ್ಟಿಸುತ್ತಾ ವ್ಯಾಪಾರ ಮಾಡತೊಡಗಿದೆ. ಟಾರ್ಟ್, ಬಾದಾಮಿ ಬಿಸ್ಕತ್ತು, ಕಿತ್ತಳೆ ಕೇಕು, ಹೀಗೆ ಅಂಗಡಿಯಲ್ಲಿದ್ದುದೆಲ್ಲ ಸರದಿಯ ಪ್ರಕಾರ ನಮ್ಮ ಮನೆಗೆ ಬಂತು. ತಟ್ಟೆಯೊಂದು ಮಾತ್ರ ಬರಲಿಲ್ಲ.

“ಎಂತ ಮಾರಾಯ್ತಿ, ಕೇಳಿದ್ರೆ ಮುಗೀತಲ್ಲ?” ಎಂದರು ಫ್ಲೋರಿನ್ ಆಂಟಿ.

“ತಟ್ಟೆ ಕೊಡಿ ಅಂತ ಹೇಗೆ ಕೇಳೋದು ಆಂಟಿ?”

“ಹಾಗಾದ್ರೆ ತಿನ್ನು. ಕಾರಿನ ಬಾಗಿಲಲ್ಲಿ ನೀನು ಹಿಡಿಸುವಷ್ಟು ದಿವಸ ಕರ್ಕೊಂಡು ಬರ್ತೇನೆ.”

ಇತ್ತ ಫೋನಿನಲ್ಲಿ ಅಮ್ಮ: “ತಟ್ಟೆ ಜೋಪಾನವಾಗಿದೆ ತಾನೇ?”

“ಇದೆಯಮ್ಮ. ಎತ್ತರದಲ್ಲಿದೆ.”

ಸುಳ್ಳು ಹೇಳಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಹೀಗಿರುವಲ್ಲಿ ಯಜಮಾನರಿಗೆ ಮೆಲ್ಬರ್ನಿನಲ್ಲಿ ಕೆಲಸವಾಯಿತು. ಮಂಗಳವಾರ ಸಾಮಾನಿನ ಟ್ರಕ್ ಬರುವುದಿತ್ತು. ಶನಿವಾರ ಬೇಕರಿಯಲ್ಲಿ ನಿಂತು ಬೆವರಿದೆ. ತಟ್ಟೆ ಬಿಟ್ಟು ಹೋದರೆ ಅಮ್ಮನಿಗೇನು ಹೇಳಲಿ? “ನಾವು ಸಿಡ್ನಿ ಬಿಡುತ್ತಿದ್ದೇವೆ” ಎಂದು ಅಜ್ಜಿಗೆ ಹೇಳಿ, ಶೆಲ್ಫಿನತ್ತ ಬೆರಳು ಎತ್ತಿಯೇಬಿಟ್ಟೆ.

ಅಜ್ಜಿ ಸೊಂಟಕ್ಕೆ ಕೈಯಿಟ್ಟು ತಮ್ಮ ಹರಕು ಇಂಗ್ಲಿಷಿನಲ್ಲಿ ಗದರಿದರು. “ಖಾಲಿ ತಟ್ಟೆ ವಾಪಸು ಕೊಡುವ ಜನ ಅಲ್ಲ ನಾವು! ಏನು ಹಾಕಿ ಕೊಡಲಿ? ವಾರ ವಾರ ಬಂದು ಎಲ್ಲವನ್ನೂ ನೀನೇ ಕೊಂಡುಕೊಳ್ಳುತ್ತೀಯ. ನನಗೆ ಕೊಡುವುದಕ್ಕೆ ಏನು ಉಳಿಸಿದ್ದೀಯ?”

ಫ್ಲೋರಿನ್ ಆಂಟಿ ನಗು ತಡೆಯಲಾರದೆ ಅಂಗಡಿಯಿಂದಲೇ ಹೊರನಡೆದರು.

ಅಜ್ಜಿಯ ಆದೇಶದಂತೆ ಸೋಮವಾರ ಪುನಃ ಹೋದೆವು. ತಟ್ಟೆ ತುಂಬ ಗಟ್ಟಿಯಾದ ಅಕ್ಕಿ ಪಾಯಸ! ಅಂಗಡಿಯಲ್ಲಿ ಮಾರುವುದಲ್ಲ, ಅವರ ಮನೆಯ ಹಬ್ಬದ ಸಿಹಿ. ಅದರ ಮೇಲೆ ದಾಲ್ಚಿನ್ನಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು, ರಂಗೋಲಿಯಂತೆ ಚಿತ್ರ ಬಿಡಿಸುವುದು ಅವರ ರೂಢಿಯಂತೆ. ತಟ್ಟೆಯ ಅಂಚನ್ನು ನೋಡಿ ನೋಡಿ ಅಜ್ಜಿ ನಮ್ಮ ಅಮ್ಮನ ಹೆಸರನ್ನೇ ಬಿಡಿಸಿದ್ದರು. ಒಂದು ‘ಲ’ ಮಗುಚಿ ಮಲಗಿತ್ತು. ‘ಮ್ಮ’ದ ಒತ್ತು ಊರಾಚೆ ಹೊರಟುಹೋಗಿತ್ತು.

“ಸರಿಯಾಗಿದೆಯಾ?” ಎಂದರು, ಎಂದೂ ಅಳುಕದ ಅಜ್ಜಿ.

“ಎಲ್ಲಾ ಸರಿಯಾಗಿದೆ” ಎಂದೆ. ಇದು ಮಾತ್ರ ಸುಳ್ಳು.

ಈ ದಿನ ಎರಡು ಟಾರ್ಟ್ ನಾವು ತಿಂದು, ಉಳಿದೆರಡನ್ನು ಅದೇ ತಟ್ಟೆಯಲ್ಲಿಟ್ಟು ಎದುರು ಮನೆಗೆ ಹೊಸದಾಗಿ ಬಂದವರಿಗೆ ಕೊಟ್ಟು ಬಂದಿದ್ದೇನೆ. ತಟ್ಟೆ ಯಾವಾಗ ಹಿಂದಿರುಗುವುದೋ ತಿಳಿಯದು, ನನಗೀಗ ಅವಸರವಿಲ್ಲ. ಅಮ್ಮನಿಗೆ ಯಾರೂ ತಿಳಿಸಬಾರದಾಗಿ ಪ್ರಾರ್ಥನೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕು. ಪಾಯಸದ ಮೇಲಿದ್ದ ತಪ್ಪುಗಳನ್ನು ಮಾತ್ರ ತಿದ್ದಲು ಬರುವುದಿಲ್ಲ. ಅವನ್ನು ಅಂದೇ, ಕಾರಿನಲ್ಲಿಯೇ, ನಾನು ಮತ್ತು ಫ್ಲೋರಿನ್ ಆಂಟಿ ತಿಂದು ಮುಗಿಸಿದ್ದೇವೆ.