ಜರಡಿ ಹಿಡಿದವನು

ಜಲ್ಲಿ ಕ್ರಷರ್ ಕಾರ್ಮಿಕರ ನಮ್ಮ ಸಂಘದ ಬ್ಲಾಗಿಗೆ ಬಂದು ಬೀಳುವ ಸ್ಪ್ಯಾಮ್ ಕಮೆಂಟುಗಳನ್ನು ಅಳಿಸುವವನಿಗೆ ನಾವಿಟ್ಟ ಹೆಸರು ಜರಡಿ. ಬೋಳುತಲೆಗೆ ಕೂದಲು, ಮೂರೇ ದಿನದಲ್ಲಿ ಮದುವೆ, ಕೂತಲ್ಲೇ ಲಾಟರಿ ಎಂದು ದಿನಕ್ಕೆ ಇನ್ನೂರು ಬರುತ್ತವೆ. ಇವನು ಒಂದೊಂದನ್ನೂ ಪೂರ್ತಿ ಓದಿಯೇ ಅಳಿಸುತ್ತಾನೆ. “ಏನಯ್ಯಾ, ತಲೆಗೆ ಎಣ್ಣೆ ತರಿಸ್ತೀಯಾ?” ಎಂದು ನಾನು ಕಿಚಾಯಿಸಿದರೆ, “ನಿನ್ನ ಭಾಷಣಕ್ಕಿಂತ ಇದೇ ವಾಸಿ ಕಣೋ, ಬೇಗ ಮುಗಿಯುತ್ತೆ” ಎನ್ನುತ್ತಾನೆ. ಹೆಂಡತಿ ಊಟಕ್ಕೆ ಕರೆದರೂ “ಇದೊಂದು ನೋಡಿ ಬಂದೆ ಇರೇ” ಎಂದು ಅನ್ನ ಆರಲು ಬಿಡುತ್ತಾನೆ. ಮೊದಲು ಹೀಗಿರಲಿಲ್ಲ. ನಕಲಿ ಮಾತ್ರೆ ಮಾರುವವರ ಕಾಟ ತಾಳಲಾರದೆ, ‘ಔಷಧಿ’ ಎಂಬ ಪದವಿದ್ದ ಕಮೆಂಟೆಲ್ಲ ತಾನಾಗಿ ಕಸಕ್ಕೆ ಹೋಗುವಂತೆ ಮಾಡಿ ನಿಶ್ಚಿಂತೆಯಾಗಿದ್ದ. ಒಂದು ದಿನ ಸುಮ್ಮನೆ ಆ ಕಸ ಕೆದಕಿದಾಗ ನಮ್ಮದೇ ಕಾರ್ಮಿಕನೊಬ್ಬ ಮೂರು ಸಲ ಬರೆದ ಒಂದೇ ಮಾತು ಸಿಕ್ಕಿತು: “ಅಣ್ಣಾ, ಧೂಳಿನ ಕೆಮ್ಮಿಗೆ ಔಷಧಿ ಎಲ್ಲಿ ಕೊಡ್ತಾರೆ? ರಕ್ತ ಬರ್ತಿದೆ.” ಮೊದಲನೆಯದು ಬಂದು ಎರಡು ತಿಂಗಳಾಗಿತ್ತು. ಜರಡಿ ಅದನ್ನು ಕಸದಿಂದೆತ್ತಿ ಬ್ಲಾಗಿಗೆ ಮರಳಿಸಿ, ಆಸ್ಪತ್ರೆಯ ವಿಳಾಸ, ಡಾಕ್ಟರ ನಂಬರು ಎಲ್ಲ ಕೆಳಗೆ ಬರೆದು ಹಾಕಿದ. ಮರುದಿನ ಆ ಕಾರ್ಮಿಕನ ಮಗಳ ಉತ್ತರ ಬಂತು: “ಅಪ್ಪ ಹೋದ್ರು. ವಿಳಾಸ ಅಳಿಸ್ಬೇಡಿ ದೊಡ್ಡಪ್ಪಾ, ನಮ್ಮಣ್ಣನಿಗೂ ಕೆಮ್ಮು ಶುರುವಾಗಿದೆ.”